ಎದುರು ಗೋಡೆಯ ಜಾಹೀರಾತು

ನಮ್ಮೂರಿಗೆ ಯಾರೇ ಬರಲಿ, ಎಷ್ಟೇ ದೊಡ್ಡ ಮನುಷ್ಯರಾಗಿರಲಿ, ಬಸ್ಸಿನಿಂದ ಇಳಿದ ಮೇಲೆ ಮೊದಲು ನನ್ನ ಮುಂದೆ ಕೈ ಚಾಚಬೇಕು. ನಾನು ಮಣಿಕಟ್ಟಿಗೆ ಒಂದು ಕೆಂಪು ದಾರ ಕಟ್ಟುತ್ತೇನೆ. ಕಟ್ಟಿದ ಕೂಡಲೇ ಅವರಿಗೆ ಊರಿನ ಗೋಡೆಗಳ ಮೇಲಿನ ಜಾಹೀರಾತುಗಳು ಕಾಣತೊಡಗುತ್ತವೆ. ಬಿಸಿ ಊಟ, ಸೊಳ್ಳೆಪರದೆ ಇರುವ ಕೋಣೆ, ಕಾಲುನೋವಿನ ಎಣ್ಣೆ, ಹಲ್ಲುಪುಡಿ, ಊರು ತೋರಿಸುವ ಜಟಕಾ. ಬಂದವರು ಬಾಗಿಲು ಯಾವುದು ಜಾಹೀರಾತು ಯಾವುದು ಗೊತ್ತಾಗದೆ ಗೋಡೆಗೆ ಹಣೆ ಜಜ್ಜಿಕೊಳ್ಳುವುದೂ ಉಂಟು. ಅಂಥವರಿಗೆ ಹಚ್ಚಲು ಕಟ್ಟೆಯ ಮೇಲೆ ಅರಿಸಿನ ಇಟ್ಟುಕೊಂಡೇ ಕೂತಿರುತ್ತೇನೆ.

ಊರಿನ ಖಾಯಂ ಜನರಿಗೆ ಹಸಿರು ದಾರ. ಅವರಿಗೆ ಮನೆಗೆ ಬೇಕಾದದ್ದು ಮಾತ್ರ ಕಾಣುತ್ತದೆ: ಸೀರೆ, ಸೋಪು, ಮಕ್ಕಳ ಸ್ಲೇಟು, ಹಪ್ಪಳ. ಅಂಗಡಿ, ಕಸುಬು ಇಟ್ಟುಕೊಂಡವರಿಗೆ ಹಳದಿ. ಅವರಿಗೆ ಸಗಟು ಮಾಲು, ಗೋಣಿಚೀಲ, ಮೆಷಿನ್ನಿನ ಬೆಲ್ಟು. ಊರಿಗೆ ದೊಡ್ಡ ಉಪಕಾರ ಮಾಡಿದವರಿಗೆ ಬಿಳಿ ದಾರ. ಬಿಳಿ ಕಟ್ಟಿಸಿಕೊಂಡವರಿಗೆ ಒಂದೂ ಜಾಹೀರಾತು ಕಾಣುವುದಿಲ್ಲ, ಗೋಡೆ ಬರೀ ಗೋಡೆಯಾಗಿರುತ್ತದೆ. ನಮ್ಮೂರಿನಲ್ಲಿ ಅದಕ್ಕಿಂತ ದೊಡ್ಡ ಮರ್ಯಾದೆ ಇನ್ನೊಂದಿಲ್ಲ. ಬಿಳಿಯ ಜೊತೆಗೆ ಬೇರೆ ಬಣ್ಣ ಕಟ್ಟಲು ಹೋದರೆ ಆ ಬಣ್ಣ ತಾನಾಗಿ ಗಂಟು ಬಿಚ್ಚಿಕೊಂಡು ನೆಲಕ್ಕೆ ಬೀಳುತ್ತದೆ. ಇನ್ನು ನಾನು, ಊರಿನವರ ಬಾಯಲ್ಲಿ ದಾರದಮ್ಮ, ಹೆಸರು ಚೆನ್ನಾಜಮ್ಮ. ಯಾರಿಗೆ ಏನು ಕಾಣುತ್ತದೆಂದು ನನಗೆ ಗೊತ್ತಿರಬೇಕಲ್ಲ, ಅದಕ್ಕೆ ನನ್ನ ಕೈಗೆ ಬಿಳಿಯೊಂದು ಬಿಟ್ಟು ಎಲ್ಲ ಬಣ್ಣ ಸೇರಿಸಿ ಹೊಸೆದ ದಪ್ಪ ದಾರ. ಊರಿನ ಸಮಸ್ತ ಜಾಹೀರಾತೂ ನನ್ನ ಕಣ್ಣಿಗೇ. ಬಚ್ಚಲಲ್ಲಿ ಮೈಮೇಲೆ ನೀರು ಹುಯ್ದುಕೊಳ್ಳುವಾಗಲೂ ಎದುರಿಗೆ ಮೂಲವ್ಯಾಧಿಯ ಮುಲಾಮು. ಅದನ್ನು ನೋಡಿ ನೋಡಿ ನನಗೆ ನಾಚಿಕೆಯೇ ಹೋಗಿದೆ.

ಕಟ್ಟೆಯ ಹಿಂದೆ ಒಂದು ಹಲಗೆಯಿದೆ. ಒಂದೊಂದು ಜಾಹೀರಾತಿಗೆ ಒಂದೊಂದು ಮೊಳೆ. ಯಾವ ಮೊಳೆಗೆ ಯಾವ ಬಣ್ಣದ ದಾರ ಕಟ್ಟುತ್ತೇನೋ ಆ ಬಣ್ಣದವರಿಗೆ ಅದು ಕಾಣುತ್ತದೆ. ಅಮಾವಾಸ್ಯೆ ಬಂತೆಂದರೆ ಊರಿನ ಗೋಡೆಗಳಿಗೆಲ್ಲ ಸುಣ್ಣ. ಒಮ್ಮೆ ಸುಣ್ಣದಡಿ ಹೋದ ಮಾತನ್ನು ಗೋಡೆ ಎರಡನೇ ಸಲ ಹೊರುವುದಿಲ್ಲ, ಅದಕ್ಕೇ ವ್ಯಾಪಾರಿಗಳು ತಿಂಗಳು ತಿಂಗಳೂ ಹೊಸ ಮಾತು ಹುಡುಕುತ್ತಾರೆ. ಇನ್ನೊಂದು ಕಟ್ಟಳೆಯೂ ಇದೆ. ನಿನಗೆ ಕಂಡದ್ದನ್ನು ಕಾಣದವರಿಗೆ ಹೇಳಿದರೆ ಆ ಜಾಹೀರಾತು ಆ ಕ್ಷಣವೇ ಗೋಡೆ ಬಿಟ್ಟು ಹೋಗುತ್ತದೆ. ಹಿಂದೆ ಒಬ್ಬ ಹಳದಿ ದಾರದವನು ಹೆಂಡತಿಯ ಮುಂದೆ ಬಾಯಿ ತಡೆಯಲಾರದೆ ಅಗ್ಗದ ಬೆಲ್ಲದ ಸುದ್ದಿ ಹೇಳಿ, ಬೆಲ್ಲದ ಮಂಡಿಯವನು ಬಡಿಗೆ ಹಿಡಿದು ಅವನ ಮನೆಗೆ ಬಂದದ್ದು ಎಲ್ಲರಿಗೂ ನೆನಪಿದೆ. ಬಾಯಿ ಬಿಟ್ಟರೆ ಬಣ್ಣಗೇಡು ಅನ್ನುವ ಗಾದೆ ಬೇರೆ ಊರಿನಲ್ಲಿ ಬರೀ ಗಾದೆ, ನಮ್ಮಲ್ಲಿ ಅದೇ ಕಾನೂನು.

ಇಂಥ ಊರಿನಲ್ಲಿ ತಕ್ಕಡಿ ರಿಪೇರಿ ಮಾಡುವ ಜವರಪ್ಪ ಒಂದು ಬೆಳಿಗ್ಗೆ ನನ್ನ ಕಟ್ಟೆಗೆ ಬಂದು, ಕೂತ, ಎದ್ದ, ಮತ್ತೆ ಕೂತ. ತಂಗಿಯರ ಮದುವೆ ಮಾಡುತ್ತ ಮಾಡುತ್ತ ತನ್ನ ಮದುವೆಯನ್ನೇ ಮರೆತ ಮನುಷ್ಯ ಅವನು. ಕಿವಿಯ ಹತ್ತಿರ ಆಗಲೇ ನರೆ. ಕೈಯಲ್ಲಿ ಸದಾ ಒಂದು ತೂಕದ ಕಲ್ಲು ಉರುಳಿಸುತ್ತಿರುತ್ತಾನೆ.

"ಏನಪ್ಪಾ, ಮೂಲವ್ಯಾಧಿನಾ?" ಅಂದೆ.

"ಅಲ್ಲ ಚೆನ್ನಾಜಕ್ಕ. ಒಂದು ಜಾಹೀರಾತು ಹಾಕಿಸ್ಬೇಕಿತ್ತು."

"ಹಾಕ್ಸು. ಯಾವ ಬಣ್ಣಕ್ಕೆ?"

"ಬಣ್ಣಕ್ಕಲ್ಲ. ಒಬ್ರಿಗೆ."

ಆ ಒಬ್ಬರು ಯಾರೆಂದು ಅವನ ಬಾಯಿಂದ ಹೊರಡಿಸುವಷ್ಟರಲ್ಲಿ ನನ್ನ ಕಾಫಿ ಆರಿ ತಣ್ಣಗಾಯಿತು. ಹೇಳಬೇಕಾಗಿಯೇ ಇರಲಿಲ್ಲ, ಊರಿಗೆಲ್ಲ ಗೊತ್ತಿದ್ದದ್ದೇ. ಹಿಟ್ಟಿನ ಮಿಲ್ಲು ನಡೆಸುವ ನೀಲಾಂಬಿಕೆಯ ತಕ್ಕಡಿಯನ್ನು ಇವನು ತಿಂಗಳಿಗೊಮ್ಮೆ ತಪ್ಪದೆ ರಿಪೇರಿ ಮಾಡುತ್ತಿದ್ದ. ಊರಿನಲ್ಲಿ ಬೇರೆ ಯಾವ ತಕ್ಕಡಿಗೂ ಅಷ್ಟು ಕಾಯಿಲೆ ಬರುತ್ತಿರಲಿಲ್ಲ. ಬಂದು, ತಟ್ಟೆ ಒರೆಸಿ, ಮುಳ್ಳು ನೋಡಿ, "ಸರಿ ಹೋಯ್ತು" ಅಂತ ಎರಡು ಮಾತಾಡಿ, ಮೈಯೆಲ್ಲ ಹಿಟ್ಟು ಮಾಡಿಕೊಂಡು ಹೊರಡುತ್ತಿದ್ದ. ಆ ಹಿಟ್ಟನ್ನು ಸಂಜೆಯವರೆಗೂ ಕೊಡವಿಕೊಳ್ಳುತ್ತಿರಲಿಲ್ಲ.

"ಬಾಯಲ್ಲೇ ಕೇಳೋಕೆ ಏನೋ ಧಾಡಿ ನಿಂಗೆ?" ಅಂದೆ.

"ಅವ್ರು ಹೇಳಿರೋದು ಗೊತ್ತಲ್ಲಕ್ಕ."

ಗೊತ್ತಿತ್ತು. ನೀಲಾಂಬಿಕೆ ಹರೆಯದವಳಿದ್ದಾಗ ಬಟ್ಟೆ ವ್ಯಾಪಾರದವನೊಬ್ಬ ಮದುವೆಯಾಗುತ್ತೇನೆಂದು ಮಾತು ಕೊಟ್ಟಿದ್ದ. ಆಮೇಲೆ ನಾಲ್ಕು ಜನರ ಮುಂದೆ, ನಾನು ಹಾಗಂದೇ ಇಲ್ಲ, ಈಕೆಗೆ ಕನಸು ಬಿದ್ದಿರಬೇಕು ಎಂದು ನಕ್ಕು ಊರು ಬಿಟ್ಟ. ನೀಲಾ ಅಳಲಿಲ್ಲ. ಮಿಲ್ಲಿನ ಬಾಗಿಲಲ್ಲಿ ನಿಂತು ಬೀದಿಗೆಲ್ಲ ಕೇಳುವಂತೆ ಒಂದೇ ಮಾತು ಹೇಳಿದಳು: "ಇನ್ಮೇಲೆ ಯಾರಾದ್ರೂ ನಂಗೆ ಏನಾದ್ರೂ ಹೇಳೋದಿದ್ರೆ ಗೋಡೆ ಮೇಲೆ ಹೇಳ್ಲಿ. ಬಾಯಿಮಾತು ನನ್ನ ಕಿವಿಗೆ ಬೀಳಲ್ಲ." ಅಂದಿನಿಂದ ಇಂದಿನವರೆಗೆ ಒಬ್ಬ ಗಂಡಸಿಗೂ ಅಷ್ಟು ಧೈರ್ಯ ಬಂದಿರಲಿಲ್ಲ.

ಜವರಪ್ಪನಿಗೆ ಬಂದಿತ್ತು, ಆದರೆ ಅರ್ಧ ಧೈರ್ಯ. ನೀಲಾಳದು ಹಳದಿ ದಾರ. ಹಳದಿಗೆ ಹಾಕಿದರೆ ಬೀದಿಯ ಅಂಗಡಿಯವರೆಲ್ಲ ನೋಡಿ ಹಲ್ಲು ಕಿರಿಯುತ್ತಾರೆಂದು ಅವನ ಸಂಕಟ. "ಅವ್ರೊಬ್ರಿಗೇ ಕಾಣೋ ಹಾಗೆ ಮಾಡಕ್ಕ," ಅಂತ ನನ್ನ ಕಾಲು ಮುಟ್ಟುವುದೊಂದು ಬಾಕಿ. ನನಗೂ ಮನಸ್ಸು ಕರಗಿತು. ಊರಿನಲ್ಲಿ ಯಾರ ಕೈಯಲ್ಲೂ ಇಲ್ಲದ ಬಣ್ಣವೊಂದನ್ನು ಮಾಡಿದರಾಯಿತು ಎಂದು ಹೊಳೆಯಿತು. ಹಿತ್ತಲಿನ ನೇರಳೆ ಮರದಲ್ಲಿ ಆಗತಾನೆ ಮೊದಲ ಹಣ್ಣು ಬಿದ್ದಿತ್ತು. ಒಂದು ಬೊಗಸೆ ಹಿಸುಕಿ, ನನ್ನ ಕೈಯ ದಾರಕ್ಕೂ ಒಂದಿಷ್ಟು ಹತ್ತಿಸಿಕೊಂಡು, ರಸದಲ್ಲಿ ಎರಡು ದಾರ ಅದ್ದಿ ಒಣಗಿಸಿದೆ. ಒಂದು ಮೊಳೆಗೆ, ಒಂದು ನೀಲಾಳ ಕೈಗೆ. ವರ್ಷದ ದಾರ ಬದಲಿಸಬೇಕು ಎಂದು ಸುಳ್ಳು ಹೇಳಿ ಹಳದಿಯ ಜೊತೆ ಇದನ್ನೂ ಸೇರಿಸಿ ಕಟ್ಟಿಬಿಟ್ಟರೆ ಮುಗಿಯಿತು. ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡೆ.

"ಸರಿ, ಏನು ಬರೀಲಿ ಹೇಳು."

ಅವನು ಕಣ್ಣು ಮುಚ್ಚಿಕೊಂಡು, ಎಷ್ಟೋ ದಿನದಿಂದ ಉರು ಹೊಡೆದದ್ದನ್ನು ಒಪ್ಪಿಸಿದ: "ನಿಮ್ಮ ತಕ್ಕಡಿ ಒಂದು ದಿನವೂ ಕೆಟ್ಟಿರಲಿಲ್ಲ. ಇಂತಿ, ತಕ್ಕಡಿ ಜವರಪ್ಪ."

"ಇದರಲ್ಲಿ ಮದುವೆ ಎಲ್ಲಿದೆಯೋ ಮಾರಾಯ?"

ಬಹಳ ಹೊತ್ತು ಕಲ್ಲು ಉರುಳಿಸಿ, "ಕೊನೇಲಿ ಸೇರ್ಸಿ. ಮದುವೆಯಾಗುವ ಆಸೆಯಿದೆ ಅಂತ," ಅಂದ. "ಇದಕ್ಕಿಂತ ಜಾಸ್ತಿ ಮಾತು ನನ್ ಹತ್ರ ಇಲ್ಲಕ್ಕ. ಇದು ಸುಣ್ಣಕ್ಕೆ ಹೋದ್ರೆ ಮತ್ತೆ ಹೇಳೋಕೆ ನನ್ ಹತ್ರ ಏನೂ ಉಳಿಯಲ್ಲ."

ಮಿಲ್ಲಿನ ಎದುರಿಗೆ ಹಳೆಯ ಉಗ್ರಾಣದ ಉದ್ದನೆಯ ಗೋಡೆಯಿದೆ. ಅದರ ಮೇಲೆ ಜಾಹೀರಾತು ಏರಿತು. ಮೊಳೆಗೆ ನೇರಳೆ ದಾರ ಕಟ್ಟಿ, ಇನ್ನೊಂದನ್ನು ಸೊಂಟದ ಚೀಲಕ್ಕೆ ಸೇರಿಸಿ ನಾನು ಮಿಲ್ಲಿಗೆ ಹೊರಟೆ. ಹೋಗಿ ನೋಡಿದರೆ ಮಿಲ್ಲಿನ ಮುಂದೆ ಜನವೋ ಜನ. ಪಂಚಾಯ್ತಿಯ ಅಧ್ಯಕ್ಷ ಶಾಂತವೀರಯ್ಯನವರು ಜರಿಪೇಟ ಸುತ್ತಿಕೊಂಡು, ಹಿತ್ತಾಳೆ ತಟ್ಟೆ ಹಿಡಿದು ನಿಂತಿದ್ದಾರೆ. ತಟ್ಟೆಯಲ್ಲಿ ಬಿಳಿ ದಾರ.

"ಬನ್ನಿ ಬನ್ನಿ ಚೆನ್ನಾಜಮ್ಮ, ನಿಮಗೇ ಹೇಳಿ ಕಳಿಸೋಣ ಅಂತಿದ್ದೆ," ಅಂದರು. ಹೋದ ಮಳೆಗಾಲದಲ್ಲಿ ಸೇತುವೆ ಕೊಚ್ಚಿ ಹೋಗಿ ಊರಿಗೆ ಹೊರಗಿನ ಸಂಪರ್ಕವೇ ತಪ್ಪಿದಾಗ ನೀಲಾ ಮಿಲ್ಲು ನಿಲ್ಲಿಸದೆ, ಇದ್ದವರ ಕಾಳು ಇಲ್ಲದವರಿಗೂ ಹಂಚಿ ಬೀಸಿ, ಒಂದು ಮನೆಯ ಒಲೆಯೂ ಆರದಂತೆ ನೋಡಿಕೊಂಡಿದ್ದಳು. ಅದಕ್ಕೆ ಈ ಗೌರವ. ಕೊಡಬೇಕಾದದ್ದೇ, ನಾನೇ ಎಷ್ಟೋ ಸಲ ಹೇಳಿದ್ದೆ. ಆದರೆ ಇವರಿಗೆ ಬೇರೆ ದಿನವೇ ಸಿಗಲಿಲ್ಲವೇ? ಬೀದಿಯ ಆಚೆ ತನ್ನ ಅಂಗಡಿಯ ಬಾಗಿಲಲ್ಲಿ ಜವರಪ್ಪ ನಿಂತಿದ್ದ. ನನ್ನ ಕೈಯಿಂದಲೇ ನೀಲಾಳ ಹಳದಿ ಬಿಚ್ಚಿ ಬಿಳಿ ಕಟ್ಟುವುದನ್ನು ನೋಡಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ನೇರಳೆ ದಾರ ನನ್ನ ಚೀಲದಲ್ಲೇ ಉಳಿಯಿತು.

ನೀಲಾಳ ಸಂತೋಷ ನೋಡಬೇಕಿತ್ತು. ಇಷ್ಟು ವರ್ಷ ಎದುರು ಗೋಡೆಯ ತುಂಬ ಮೆಷಿನ್ ಎಣ್ಣೆ, ಇಲಿ ಪಾಷಾಣ, ಗೋಣಿಚೀಲ ನೋಡಿ ಕಣ್ಣು ಕೆಟ್ಟಿದ್ದ ಹೆಂಗಸು. ಈಗ ಸಂಜೆಯಾದರೆ ಮಿಲ್ಲಿನ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತು, ಆ ಗೋಡೆಯನ್ನೇ ನೋಡುತ್ತ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಳು. "ಏನು ತಂಪು ಕಣಕ್ಕ, ಕಣ್ಣಿಗೆ ಬೆಣ್ಣೆ ಹಚ್ಚಿದಂಗೆ," ಅನ್ನುತ್ತಿದ್ದಳು. ಅವಳು ನೋಡುತ್ತಿದ್ದ ಜಾಗದಲ್ಲೇ ಮೊಳದುದ್ದದ ಅಕ್ಷರದಲ್ಲಿ ಮದುವೆಯಾಗುವ ಆಸೆಯಿದೆ ಎಂದು ನನಗೆ ಕಾಣುತ್ತಿತ್ತು. ಪಕ್ಕದಲ್ಲಿ ಕೂತು ಹೂಂ ಹೂಂ ಅನ್ನುವುದರಲ್ಲಿ ನನ್ನ ಪ್ರಾಣ ಹೋಗುತ್ತಿತ್ತು.

ಇಷ್ಟಕ್ಕೇ ನಿಂತಿದ್ದರೆ ನನಗೂ ಜವರಪ್ಪನಿಗೂ ಮಾತ್ರ ಗೊತ್ತಿರುವ ದುಃಖವಾಗುತ್ತಿತ್ತು. ಆದರೆ ನೇರಳೆಯ ಕಾಲ ಶುರುವಾಯಿತು. ಕೆರೆ ಏರಿಯ ಮೇಲೆ ಸಾಲು ಸಾಲು ನೇರಳೆ ಮರ ನಮ್ಮೂರಿಗೆ. ಹಣ್ಣು ಬಿದ್ದಿತೆಂದರೆ ಮುದುಕರು ಮಕ್ಕಳು ಎನ್ನದೆ ಎಲ್ಲರ ನಾಲಿಗೆ, ತುಟಿ, ಅಂಗೈ ಎಲ್ಲ ಬಣ್ಣ. ಬಾಯಿ ಒರೆಸಿಕೊಳ್ಳುವುದು ಮಣಿಕಟ್ಟಿನಿಂದ. ಪ್ರತಿ ವರ್ಷವೂ ದಾರಗಳಿಗೆ ಕಲೆ ಹತ್ತುತ್ತಿತ್ತು, ಪ್ರತಿ ವರ್ಷವೂ ಏನೂ ಆಗುತ್ತಿರಲಿಲ್ಲ, ಯಾಕೆಂದರೆ ಹಲಗೆಯ ಮೇಲೆ ನೇರಳೆ ಬಣ್ಣದ ಮೊಳೆಯೇ ಇರಲಿಲ್ಲ. ಈ ವರ್ಷ ಇತ್ತು. ಇದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಮೊದಲು ನೋಡಿದವಳು ಹೂ ಮಾರುವ ತಿಮ್ಮಾಜಿ. ಓಡುತ್ತ ಬಂದು ನನ್ನ ಮುಂದೆ ನಿಂತು, ಬಾಯಿ ತೆರೆದು, ಮುಚ್ಚಿ, ಕಣ್ಣಿನಲ್ಲೇ ಗೋಡೆ ತೋರಿಸಿದಳು. ಸಂಜೆಯ ಹೊತ್ತಿಗೆ ಕ್ಷೌರದ ಅಂಗಡಿಯವನು ನೋಡಿದ. ಮಾರನೆಯ ದಿನ ಶಾಲೆಯ ಮೇಷ್ಟ್ರು, ಬಸ್ಸಿನ ಕಂಡಕ್ಟರು. ವಾರ ತುಂಬುವುದರೊಳಗೆ ಊರಿಗೆ ಊರೇ ನೇರಳೆ ಹಣ್ಣು ತಿಂದು, ಮಣಿಕಟ್ಟಿನಲ್ಲಿ ಬಾಯಿ ಒರೆಸಿಕೊಂಡು, ಉಗ್ರಾಣದ ಗೋಡೆಯ ಮುಂದೆ ತಲೆ ಬಗ್ಗಿಸಿಕೊಂಡು ನಗುತ್ತ ಹಾದುಹೋಗುತ್ತಿತ್ತು. ಯಾರಿಗೆ ಕಾಣಬೇಕಿತ್ತೋ ಅವಳೊಬ್ಬಳಿಗೆ ಇಲ್ಲ. ಬಿಳಿ ದಾರಕ್ಕೆ ಕಲೆ ಹತ್ತೀತೆಂದು ಅವಳು ಆ ವರ್ಷ ನೇರಳೆ ಹಣ್ಣನ್ನು ಮುಟ್ಟಿರಲಿಲ್ಲ. ಬೀಸುವಾಗಲೂ ಮಣಿಕಟ್ಟಿಗೆ ಬಟ್ಟೆ ಸುತ್ತಿಕೊಂಡು ಬೀಸುತ್ತಿದ್ದಳು.

ನಮ್ಮೂರಿನವರ ಬಾಯಿ ಎಂಥದ್ದೆಂದು ನನಗೆ ಗೊತ್ತು. ಒಬ್ಬರ ಮನೆಯ ಸಾರಿಗೆ ಉಪ್ಪು ಜಾಸ್ತಿಯಾದರೆ ಇನ್ನೊಂದು ಬೀದಿಯವರು ನೀರು ಕುಡಿಯುತ್ತಾರೆ. ಅಂಥವರು ಈ ಒಂದು ವಿಷಯದಲ್ಲಿ ತುಟಿ ಹೊಲಿದುಕೊಂಡದ್ದು ನೋಡಿ ನನಗೆ ಅವರ ಮೇಲೆ ಪ್ರೀತಿ ಬಂತು. ಹೇಳಿಬಿಟ್ಟರೆ ಜವರಪ್ಪನ ಮಾತು ಗೋಡೆಯಿಂದ ಹೋಗಿಬಿಡುತ್ತದೆ ಎಂದು ಎಲ್ಲರಿಗೂ ಭಯ. ಹೇಳಲಾರದ್ದಕ್ಕೆ ಬೇರೆ ಬೇರೆ ದಾರಿ ಹುಡುಕಿದರು. ಬೀಸಲು ರಾಗಿ ತಂದವರು ಜೊತೆಗೆ ಹೂವು ತಂದರು. ಕಂಡಕ್ಟರು ಮಿಲ್ಲಿನ ಮುಂದೆ ಬಂದಾಗೆಲ್ಲ ಶಿಳ್ಳೆ ಹಾಕದೆ ಬಸ್ಸು ಬಿಡಲಿಲ್ಲ. ತಿಮ್ಮಾಜಿ ದಿನಾ ಒಂದು ಮೊಳ ಮಲ್ಲಿಗೆ ಕೊಟ್ಟು, ಯಾಕೆಂದು ಕೇಳಿದರೆ, "ಸುಮ್ನೆ ಕಣಕ್ಕ," ಅಂತ ಮುಸಿಮುಸಿ ನಗುತ್ತಿದ್ದಳು.

ಜವರಪ್ಪನ ಪಾಡು ಕೇಳಬೇಡಿ. ತೂಕದ ಬಟ್ಟು ತರಲು ಬಂದವರೂ ಅವನ ಭುಜ ತಟ್ಟಿ ಹೋಗುತ್ತಿದ್ದರು. ಒಂದು ಮಧ್ಯಾಹ್ನ ನನ್ನ ಹತ್ತಿರ ಬಂದವನ ಮುಖ ಸುಟ್ಟ ಬದನೆಕಾಯಿಯಂತಿತ್ತು.

"ಅದನ್ನ ತೆಗೆದುಬಿಡಕ್ಕ. ಊರೆಲ್ಲ ನೋಡ್ತು. ಒಬ್ರು ನೋಡ್ಬೇಕಿತ್ತು, ಅವ್ರು ನೋಡ್ಲಿಲ್ಲ."

"ತೆಗೆಯಲ್ಲ. ಅಮಾವಾಸ್ಯೆವರೆಗೂ ಅದು ಅಲ್ಲೇ ಇರುತ್ತೆ."

"ಆಮೇಲೆ?"

"ಆಮೇಲಿಂದು ಆಮೇಲೆ. ಈಗ ಹೋಗಿ ಊಟ ಮಾಡು, ಕತ್ತು ನೋಡು ಹೇಗಾಗಿದೆ."

ಧೈರ್ಯ ಹೇಳಿ ಕಳಿಸಿದೆನೇ ಹೊರತು ನನಗೂ ದಾರಿ ತೋಚಲಿಲ್ಲ. ಬಿಳಿ ದಾರವನ್ನು ನಾನು ಕತ್ತರಿಸುವಂತಿಲ್ಲ. ಅದಕ್ಕೆ ಹುಣ್ಣಿಮೆಯ ದಿನ ಪಂಚಾಯ್ತಿ ಕೂಡಬೇಕು, ಈ ತಿಂಗಳ ಹುಣ್ಣಿಮೆ ಆಗಲೇ ಕಳೆದಿತ್ತು, ಮುಂದಿನದು ಬರುವುದು ಅಮಾವಾಸ್ಯೆ ಆದ ಮೇಲೆ. ಆ ಹೊತ್ತಿಗೆ ಗೋಡೆಗೆ ಸುಣ್ಣ ಬಿದ್ದು ಜವರಪ್ಪನ ಆ ನಾಲ್ಕು ಮಾತು ಹೋಗಿರುತ್ತದೆ.

ದಾರಿ ತೋರಿಸಿದವರು ಅಧ್ಯಕ್ಷರು. ಒಂದು ಬೆಳಿಗ್ಗೆ ಪೇಟವಿಲ್ಲದೆ, ಚಪ್ಪಲಿಯಿಲ್ಲದೆ ನನ್ನ ಕಟ್ಟೆಗೆ ಬಂದರು. ಅಷ್ಟು ಗಾಬರಿಯಾದದ್ದನ್ನು ನಾನು ನೋಡಿಯೇ ಇರಲಿಲ್ಲ.

"ಚೆನ್ನಾಜಮ್ಮ, ನನಗೆ ಏನೋ ಆಗಿದೆ. ಗೋಡೆ ಮೇಲೆ ಅಕ್ಷರ ಕಾಣ್ತಿದೆ."

ಕೈ ಹಿಡಿದು ನೋಡಿದೆ. ಅವರದೂ ಬಿಳಿ ದಾರವೇ, ಆದರೆ ಈಗ ಬಿಳಿಯ ಗುರುತಿರಲಿಲ್ಲ. ಸಕ್ಕರೆ ಕಾಯಿಲೆಗೆ ಒಳ್ಳೆಯದೆಂದು ಯಾರೋ ಹೇಳಿದರಂತೆ, ಬೆಳಿಗ್ಗೆ ಸಂಜೆ ಬಟ್ಟಲು ಬಟ್ಟಲು ನೇರಳೆ ಹಣ್ಣು ತಿನ್ನುತ್ತಿದ್ದರು. ಬೇರೆ ಬಣ್ಣವನ್ನು ಪಕ್ಕದಲ್ಲಿ ಕಟ್ಟಿದರೆ ಬಿಳಿ ಸಹಿಸುವುದಿಲ್ಲ. ಬಿಳಿಯೇ ಬಣ್ಣ ಕುಡಿದರೆ? ಅದು ಆಗ ಬಿಳಿ ಎಲ್ಲಿ ಉಳಿಯಿತು? ನಾನು ಹಣೆ ಚಚ್ಚಿಕೊಂಡೆ.

ಅಧ್ಯಕ್ಷರು ನನ್ನ ಪಕ್ಕದಲ್ಲಿ ಕೂತು ಕೈಯ ದಾರವನ್ನು ತಿರುಗಿಸಿ ನೋಡಿಕೊಂಡರು. "ನಾನು ದೊಡ್ಡ ಮರ್ಯಾದೆ ಮಾಡಿದೆ ಅಂದ್ಕೊಂಡಿದ್ದೆ," ಅಂದರು. "ಒಬ್ಬ ಮನುಷ್ಯನ ಬಾಳಿಗೆ ಅಡ್ಡ ಹೋಗಿ ನಿಂತುಬಿಟ್ಟಿದೀನಲ್ಲ." ಅವರ ದೊಡ್ಡತನದ ಬಗ್ಗೆ ನನಗೆ ಹಿಂದೆ ಅಷ್ಟೇನೂ ಗೌರವವಿರಲಿಲ್ಲ. ಅವತ್ತು ಬಂತು.

ಮಾರನೆಯ ದಿನವೇ ಒಂದು ಬುಟ್ಟಿ ನೇರಳೆ ಹಣ್ಣು ಹೊತ್ತು ಮಿಲ್ಲಿಗೆ ಹೋದೆ. "ತಗೋ ನೀಲಾ, ನಮ್ಮ ಹಿತ್ತಲದು," ಅಂದೆ. ಅವಳು ಸಂತೋಷದಿಂದ ತೆಗೆದುಕೊಂಡಳು, ತೊಳೆದಳು, ಉಪ್ಪು ಹಾಕಿ ಕುಲುಕಿದಳು. ಆಮೇಲೆ ಬಿಳಿ ದಾರವನ್ನು ಮೊಳಕೈವರೆಗೆ ಸರಿಸಿ, ಅದರ ಮೇಲೆ ಬಾಳೆಲೆ ಸುತ್ತಿ, ಇನ್ನೊಂದು ಕೈಯಲ್ಲಿ ಚಮಚ ಹಿಡಿದು ತಿಂದಳು. ನೇರಳೆ ಹಣ್ಣನ್ನು ಚಮಚದಲ್ಲಿ ತಿನ್ನುವವರನ್ನು ನಾನು ಜೀವಮಾನದಲ್ಲಿ ಕಂಡದ್ದು ಅದೇ ಮೊದಲು. ಒಂದು ಹನಿ ಬೀಳಲಿಲ್ಲ. ಖಾಲಿ ಬುಟ್ಟಿ ಹೊತ್ತು ವಾಪಸು ಬಂದೆ.

ಹಾಗೆಯೇ ಅಮಾವಾಸ್ಯೆ ಬಂದೇ ಬಿಟ್ಟಿತು. ಬೆಳಿಗ್ಗೆಯೇ ಸುಣ್ಣದವರು ಬಕೆಟ್ಟು ಏಣಿ ಹಿಡಿದು ಕೆರೆಯ ಕಡೆಯಿಂದ ಶುರು ಮಾಡಿದರು. ಮಧ್ಯಾಹ್ನದ ಹೊತ್ತಿಗೆ ಅವರು ಮಿಲ್ಲಿನ ಬೀದಿಗೆ ತಿರುಗಿದ್ದನ್ನು ನೋಡಿ ನಾನು ಸೆರಗಿಗೆ ಒಂದಿಷ್ಟು ಹಣ್ಣು ಕಟ್ಟಿಕೊಂಡು ಓಡಿದೆ. ಅಲ್ಲಿ ಹೋದರೆ ನೀಲಾ ಮಿಲ್ಲಿಗೆ ಬೀಗ ಹಾಕುತ್ತಿದ್ದಾಳೆ.

"ಏನೇ ಇದು, ಹಾಡು ಹಗಲಲ್ಲಿ?"

"ಸಾಕಾಯ್ತು ಚೆನ್ನಾಜಕ್ಕ. ಮುಚ್ಚಿಬಿಡ್ತೀನಿ. ಒಂದು ತಿಂಗಳಿಂದ ನೋಡ್ತಿದೀನಿ, ಬಂದೋರೆಲ್ಲ ನನ್ನ ಮುಖ ನೋಡಿ ನಗೋದೇ. ಒಂದು ದಾರ ಕಟ್ಟಿಸ್ಕೊಂಡಿದ್ದು ಅಷ್ಟು ತಮಾಷೆಯಾಗೋಯ್ತಾ? ನಾನೇನು ಕೇಳಿದ್ನಾ ನಂಗೆ ಮರ್ಯಾದೆ ಕೊಡಿ ಅಂತ?" ಅವಳು ಬೀಗ ಜಗ್ಗಿ ನೋಡಿದಳು. "ಹಿಂದೆ ಒಂದ್ಸಲ ಹೀಗೇ ನಕ್ಕಿದ್ರು ಈ ಬೀದಿಯವ್ರು. ನಾನು ಆ ನಗು ಮರ್ತಿಲ್ಲ."

ನಾವೆಲ್ಲ ಪ್ರೀತಿಯಿಂದ ನಕ್ಕದ್ದು ಅವಳಿಗೆ ಹಳೆಯ ಗಾಯದ ಮೇಲೆ ಉಪ್ಪು ಸುರಿದಂತೆ ಆಗಿತ್ತು. ಹೇಳಿಬಿಡಲೇ ಅನಿಸಿತು. ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡೆ.

"ನೀಲಾ, ನಾನು ಬಾಯಿ ಬಿಟ್ರೆ ಹೋಗಿಬಿಡುತ್ತೆ ಕಣೇ."

ಅವಳ ಕೈ ಬೀಗದ ಮೇಲೆ ನಿಂತಿತು. ಬುದ್ಧಿವಂತೆ, ಕೇಳಿದ್ದು ಅಷ್ಟೇ ಸಾಕಾಯಿತು. ತಿರುಗಿ ಎದುರು ಗೋಡೆಯನ್ನು ನೋಡಿದಳು. ಅವಳಿಗೆ ಬರೀ ಗೋಡೆ.

"ಅಲ್ಲಿದೆಯಾ?"

ನಾನು ಸೆರಗಿನ ಗಂಟು ಬಿಚ್ಚಿ, ಒಂದು ನೇರಳೆ ಹಣ್ಣು ಬಾಯಿಗೆ ಹಾಕಿಕೊಂಡು, ಅವಳ ಕಣ್ಣನ್ನೇ ನೋಡುತ್ತ ಮಣಿಕಟ್ಟಿನಿಂದ ತುಟಿ ಒರೆಸಿಕೊಂಡೆ. ಅವಳಿಗೆ ಅರ್ಥವಾಗಲಿಲ್ಲ. ಆಗಲೇ ಅಧ್ಯಕ್ಷರು ಬಂದರು. ಎಲ್ಲಿಂದ ನೋಡುತ್ತಿದ್ದರೋ ದೇವರಿಗೇ ಗೊತ್ತು. ಒಂದು ಮಾತಾಡದೆ ನೀಲಾಳ ಮುಂದೆ ನಿಂತು ಎರಡೂ ಕೈ ಎತ್ತಿ ಮುಗಿದರು. ಜುಬ್ಬದ ತೋಳು ಕೆಳಗೆ ಜಾರಿತು. ಅವರ ಬಿಳಿ ದಾರ ಅಪ್ಪಟ ನೇರಳೆಯಾಗಿತ್ತು. ಮುಗಿದ ಕೈಯನ್ನು ಇಳಿಸದೆ ಅವರು ಮೆಲ್ಲಗೆ ಗೋಡೆಯ ಕಡೆ ತಿರುಗಿ ಅದನ್ನು ಎಡದಿಂದ ಬಲಕ್ಕೆ ಓದಿದರು. ಬಿಳಿ ದಾರದ ಮನುಷ್ಯ ಗೋಡೆ ಓದುತ್ತಿದ್ದ.

ನೀಲಾ ಅವರ ಮಣಿಕಟ್ಟು ನೋಡಿದಳು, ನನ್ನ ಸೆರಗು ನೋಡಿದಳು, ತನ್ನ ಬಿಳಿ ದಾರ ನೋಡಿಕೊಂಡಳು. ಗೋಡೆಯ ಆ ತುದಿಯಲ್ಲಿ ಸುಣ್ಣದವನು ಏಣಿ ಒರಗಿಸಿಯಾಗಿತ್ತು. ಅವನ ಕೈಗೂ ಕಲೆ ಹತ್ತಿತ್ತು, ಅವನೂ ಎಲ್ಲ ಓದಿಕೊಂಡಿದ್ದ. ಬಕೆಟ್ಟಿನಲ್ಲಿ ಸುಣ್ಣ ಕಲಕಿದ, ಮತ್ತೆ ಕಲಕಿದ, ಸಾಲದೆಂಬಂತೆ ಮೂರನೇ ಸಲವೂ ಕಲಕಿದ. ಅವನ ಮೇಸ್ತ್ರಿ ಬೈಯಲಿಲ್ಲ, ಬೀಡಿ ಹಚ್ಚಿಕೊಂಡು ಆಕಾಶ ನೋಡುತ್ತ ಕೂತ.

"ಈ ಬಿಳಿ ಹೋದ್ರೆ ಮತ್ತೆ ಎಣ್ಣೆ, ಪಾಷಾಣ, ಗೋಣಿಚೀಲ ಎಲ್ಲ ಕಾಣುತ್ತೆ, ಅಲ್ವಾ ಅಕ್ಕ?" ಎಂದಳು ನೀಲಾ.

"ಕಾಣುತ್ತೆ. ಮತ್ತೆ ಹಳದಿ ಕಟ್ಬೇಕಾಗುತ್ತೆ."

"ಚೆನ್ನಾಗಿತ್ತು. ಒಂದು ತಿಂಗಳಾದ್ರೂ ಕಣ್ಣು ತಂಪಾಗಿತ್ತು." ಹಾಗಂದವಳು ನನ್ನ ಸೆರಗಿಗೆ ಕೈ ಹಾಕಿ, ಒಂದು ಹಿಡಿ ಹಣ್ಣು ತೆಗೆದು, ಮಣಿಕಟ್ಟಿನ ಮೇಲೆ ಇಟ್ಟುಕೊಂಡು, ರೊಟ್ಟಿಯ ಹಿಟ್ಟು ನಾದುವ ಹಾಗೆ ಗಟ್ಟಿಯಾಗಿ ಹಿಸುಕಿದಳು. ರಸ ಮೊಳಕೈವರೆಗೂ ಇಳಿಯಿತು.

ಅವಳು ಓದಿದಳು. ಓದಿ ಮುಗಿಸಿ ಮತ್ತೆ ಮೊದಲಿನಿಂದ ಓದಿದಳು. ಬೀದಿಯಲ್ಲಿ ಇದ್ದವರೆಲ್ಲ ಇದ್ದಲ್ಲೇ ನಿಂತಿದ್ದರು. ಕಂಡಕ್ಟರು ಬಸ್ಸನ್ನು ನಡುಬೀದಿಯಲ್ಲೇ ನಿಲ್ಲಿಸಿ ಇಳಿದು ಬಂದಿದ್ದ.

"ಇದು ಯಾರ್ಯಾರಿಗೆ ಕಂಡಿದೆ?" ನನ್ನನ್ನು ಕೇಳಿದಳು. ಈಗ ಸಿಟ್ಟಾಗುತ್ತಾಳೆ, ಜವರಪ್ಪನ ಮಾನ ಹೋಗುತ್ತದೆ ಅಂದುಕೊಂಡೆ.

"ಊರಿಗೆಲ್ಲ. ನಿನಗೊಬ್ಬಳಿಗೇ ಕಾಣ್ಲಿ ಅಂತ ಪಾಪ ಅವನು ಬೇಡ್ಕೊಂಡಿದ್ದ. ಹೀಗಾಯ್ತು ನೋಡು."

"ನಂಗೊಬ್ಳಿಗೇ ಕಂಡಿದ್ರೆ ಅದೂ ಬಾಯಿಮಾತೇ ಆಗ್ತಿತ್ತಲ್ಲಕ್ಕ," ಎಂದಳು ನೀಲಾ. "ನಾಳೆ ನಾನು ಹಾಗಂದೇ ಇಲ್ಲ ಅಂದ್ರೆ ಯಾರು ಸಾಕ್ಷಿ? ನಾನು ಗೋಡೆ ಮೇಲೆ ಹೇಳ್ಲಿ ಅಂದಿದ್ದು ಯಾಕೆ ಅಂದ್ಕೊಂಡ್ರಿ?"

ಅಷ್ಟು ಹೊತ್ತೂ ಅದು ನನಗೆ ಹೊಳೆದಿರಲಿಲ್ಲ. ಮೂವತ್ತು ವರ್ಷದಿಂದ ಯಾರಿಗೆ ಏನು ಕಾಣಬೇಕೆಂದು ದಾರ ಕಟ್ಟುತ್ತ ಬಂದವಳು ನಾನು. ನಾವು ಯಾರ ಕಣ್ಣಿನಿಂದ ಮುಚ್ಚಿಡಲು ಹೊರಟಿದ್ದೆವೋ ಆ ಕಣ್ಣುಗಳೇ ಈ ಹೆಂಗಸಿಗೆ ಬೇಕಾಗಿದ್ದವು.

ಅವಳು ಬೀಗ ತೆಗೆದು ಮಿಲ್ಲಿನ ಒಳಗೆ ಹೋದಳು. ಒಳಗಿನಿಂದ ಢಣಢಣ ಸದ್ದು ಕೇಳಿಸಿತು. ಕಬ್ಬಿಣಕ್ಕೆ ಗುಂಡುಕಲ್ಲಿನಿಂದ ಹೊಡೆದಂತೆ. ನಾವು ಮುಖ ಮುಖ ನೋಡಿಕೊಂಡೆವು. ಸ್ವಲ್ಪ ಹೊತ್ತಿಗೆ ಹೊರಗೆ ಬಂದಳು. ಎರಡು ಕೈಯಲ್ಲೂ ಹಿಡಿದಿದ್ದಳು ತನ್ನ ತಕ್ಕಡಿಯನ್ನು. ಅದರ ದಂಡ ಬಿಲ್ಲಿನ ಹಾಗೆ ಬಾಗಿತ್ತು. ಒಂದು ತಟ್ಟೆ ನೆಗ್ಗಿತ್ತು, ಇನ್ನೊಂದರ ಸರಪಳಿ ಕಿತ್ತು ನೇತಾಡುತ್ತಿತ್ತು. ಹಾಗೇ ಹಿಡಿದುಕೊಂಡು, ಯಾರ ಮುಖವನ್ನೂ ನೋಡದೆ, ಬೀದಿ ದಾಟಿ ಜವರಪ್ಪನ ಅಂಗಡಿಯ ಕಡೆ ನಡೆದಳು. ನಾವೆಲ್ಲ ಹಿಂದೆ. ಅಧ್ಯಕ್ಷರು ನನ್ನನ್ನು ದಾಟಿಕೊಂಡು ಮುಂದೆ ಓಡಿದರು.

ಜವರಪ್ಪ ಅಂಗಡಿಯ ಒಳಗೆ ಕಲ್ಲುಗಳನ್ನು ಚೀಲಕ್ಕೆ ತುಂಬುತ್ತಿದ್ದ. ತಂಗಿಯ ಊರಿಗೆ ಹೊರಟಿದ್ದನೆಂದು ಆಮೇಲೆ ಗೊತ್ತಾಯ್ತು. ತಲೆ ಎತ್ತಿದವನು ಅವಳನ್ನು ನೋಡಿದ, ಅವಳ ಕೈಯ ನೇರಳೆ ರಸ ನೋಡಿದ, ಆಮೇಲೆ ತಕ್ಕಡಿ ನೋಡಿದ. ಅವನ ಮುಖದಲ್ಲಿ ಬಣ್ಣವೇ ಇರಲಿಲ್ಲ.

ನೀಲಾ ತಕ್ಕಡಿಯನ್ನು ಅವನ ಮುಂದಿನ ಮಣೆಯ ಮೇಲೆ ಇಟ್ಟಳು. "ಇವತ್ತು ಕೆಟ್ಟಿದೆ," ಎಂದಳು.

ಅವನು ಅದನ್ನು ಎತ್ತಿಕೊಂಡು ದಂಡದ ಉದ್ದಕ್ಕೂ ಬೆರಳಾಡಿಸಿದ. ನೆಗ್ಗಿದ ತಟ್ಟೆಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ. ಇಷ್ಟು ವರ್ಷದಲ್ಲಿ ಅವಳ ಜೊತೆ ಅವನು ಮಾತಾಡಿದ್ದು ಎರಡೇ ಪದ, ಅದೂ ಸುಳ್ಳು. ತಟ್ಟೆಯನ್ನು ಮಣೆಯ ಮೇಲೆ ಇಟ್ಟ. ನಾವೆಲ್ಲ ಬಾಗಿಲಿಗೆ ಒತ್ತಿಕೊಂಡೆವು.

"ಇದು ಸರಿ ಹೋಗೋಕೆ ಬಾಳ ದಿನ ಹಿಡಿಯುತ್ತೆ," ಅಂದ.

ನೀಲಾ ಅಲ್ಲಿದ್ದ ಮರದ ಪೆಟ್ಟಿಗೆಯನ್ನು ಎಳೆದು ಅದರ ಮೇಲೆ ಕೂತಳು. ಸೆರಗಿನಿಂದ ಮುಖದ ಹಿಟ್ಟು ಒರೆಸಿಕೊಂಡಳು.

"ಹಿಡೀಲಿ ಬಿಡಿ. ನಂಗೇನು ಅವಸರ ಇಲ್ಲ."